ಕಾಂಟ್ರಾಸ್ಟ್ ಎರಡು ಪಟ್ಟಾದರೆ ನರಕೋಶದ ಉತ್ತರವೂ ಎರಡು ಪಟ್ಟೇ?

ಪ್ರಶ್ನೆ: ಕಪ್ಪು-ಬಿಳಿ ಪಟ್ಟೆಗಳ ಕಾಂಟ್ರಾಸ್ಟ್ (ಕಪ್ಪಿಗೂ ಬಿಳಿಗೂ ಇರುವ ಹೊಳಪಿನ ಅಂತರ) ಎರಡು ಪಟ್ಟಾದರೆ, ಅದನ್ನು ನೋಡುವ ನರಕೋಶದ ವಿದ್ಯುತ್ ಮಿಡಿತಗಳು, ಅಂದರೆ ಸ್ಪೈಕ್‌ಗಳೂ ಎರಡು ಪಟ್ಟಾಗಬೇಕಲ್ವಾ? ಕಾಂಟ್ರಾಸ್ಟಿನಿಂದ ಸ್ಪೈಕ್ ಸಂಖ್ಯೆ ಲೆಕ್ಕ ಹಾಕುವ ಸೂತ್ರದಲ್ಲಿ ಬರುವ ‘ಸಿ50’ ಅಂದರೇನು?

ಉತ್ತರ: ಆಗುವುದಿಲ್ಲ. ಲೆಕ್ಕ ಹಾಕಿಯೇ ನೋಡೋಣ. ಕಾಂಟ್ರಾಸ್ಟಿನ ವರ್ಗಕ್ಕೆ ಸಿ50ರ ವರ್ಗ ಕೂಡಿಸಿ. ಆ ಮೊತ್ತದಿಂದ ಕಾಂಟ್ರಾಸ್ಟಿನ ವರ್ಗವನ್ನು ಭಾಗಿಸಿ. ಬಂದದ್ದನ್ನು ಕೋಶದ ಗರಿಷ್ಠ ಸ್ಪೈಕ್ ಸಂಖ್ಯೆಯಿಂದ ಗುಣಿಸಿ. ಗರಿಷ್ಠ ಸೆಕೆಂಡಿಗೆ 60, ಸಿ50 ಶೇ. 20 ಇರಲಿ. ಶೇ. 10 ಕಾಂಟ್ರಾಸ್ಟಿಗೆ 12 ಸ್ಪೈಕ್, 20ಕ್ಕೆ 30, 40ಕ್ಕೆ 48, 80ಕ್ಕೆ ಸುಮಾರು 56. ಮೊದಲ ಸಲ ಎರಡು ಪಟ್ಟಿಗಿಂತ ಜಾಸ್ತಿ ಏರಿತು, ಕೊನೆಗೆ ಎಂಟೇ ಸ್ಪೈಕ್! ಗರಿಷ್ಠದ ಅರ್ಧ ಸಿಗುವ ಕಾಂಟ್ರಾಸ್ಟೇ ಸಿ50. ವರ್ಗವೇ ಆಗಬೇಕೆಂದಿಲ್ಲ, ಆ ಘಾತ ಕೋಶದಿಂದ ಕೋಶಕ್ಕೆ ಬದಲಾಗುತ್ತದೆ.

ಇಂಥ ಸೂತ್ರವನ್ನು 1966ರಲ್ಲಿ ವಿಜ್ಞಾನಿಗಳಾದ ನಾಕಾ ಮತ್ತು ರಶ್ಟನ್ ಮೀನಿನ ರೆಟಿನಾಗೆ (ಕಣ್ಣಿನ ಹಿಂಪೊರೆಗೆ) ಬಳಸಿದ್ದರು, ಅಲ್ಲಿ ಕಾಂಟ್ರಾಸ್ಟಿನ ಜಾಗದಲ್ಲಿ ಇದ್ದದ್ದು ಬೆಳಕಿನ ತೀವ್ರತೆ. 1982ರಲ್ಲಿ ಆಲ್‌ಬ್ರೆಕ್ಟ್ ಮತ್ತು ಹ್ಯಾಮಿಲ್ಟನ್ ಬೆಕ್ಕು, ಕೋತಿಗಳ ದೃಷ್ಟಿ ಕಾರ್ಟೆಕ್ಸಿನಲ್ಲಿ (ಮೆದುಳಿನ ನೋಟದ ಭಾಗದಲ್ಲಿ) ಸರಳರೇಖೆ, ಲಾಗ್ ಮುಂತಾದ ಬೇರೆ ಸೂತ್ರಗಳನ್ನೂ ಇದರೊಂದಿಗೆ ಹೋಲಿಸಿ ನೋಡಿದರು. ಹೆಚ್ಚಿನ ಕೋಶಗಳಿಗೆ ಇದೇ ಚೆನ್ನಾಗಿ ಹೊಂದಿತು.

ನಾನು ಮೊದಲ ಸಲ ಅಳತೆಗಳಿಗೆ ಈ ಸೂತ್ರದ ವಕ್ರರೇಖೆ ಕೂರಿಸಿದಾಗ ಸಿ50 ತೀರಾ ಕಡಿಮೆ ಬಂತು. ಒಂದು ವಾರ ಕೋಡನ್ನೇ ತಡಕಾಡಿದೆ. ಪರದೆ ಬರೀ ಬೂದು ಇದ್ದಾಗಲೂ ಆ ಕೋಶ ಸೆಕೆಂಡಿಗೆ ಐದು ಸ್ಪೈಕ್ ಕೊಡುತ್ತಿತ್ತು. ಅದನ್ನು ಸೂತ್ರಕ್ಕೆ ಸೇರಿಸದೆ, ರೇಖೆಯನ್ನು ಸುಮ್ನೆ ಸೊನ್ನೆಯಿಂದ ಹೊರಡಿಸಿದ್ದೆ. ನೀವು ಅದನ್ನು ಮೊದಲೇ ಸೇರಿಸಿಕೊಳ್ಳಿ.

ನನಗೆ ತುಂಬಾ ಇಷ್ಟವಾದದ್ದು ಭಾಗಾಕಾರದ ಕೆಳಗಿನ ಆ ಮೊತ್ತ. ಅದು ಒಂದೇ ಕೋಶದ್ದಲ್ಲ, ಅಕ್ಕಪಕ್ಕದ ಕೋಶಗಳ ಒಟ್ಟು ಚಟುವಟಿಕೆ ಎಂದು 1992ರಲ್ಲಿ ಹೀಗರ್ ವಿವರಿಸಿದರು. ನಿಂತ ಗೆರೆ ಮೆಚ್ಚುವ ಕೋಶಕ್ಕೆ ಮಲಗಿದ ಗೆರೆ ತೋರಿಸಿ, ಹೆಚ್ಚೇನೂ ಆಗುವುದಿಲ್ಲ. ಅದನ್ನೇ ನಿಂತ ಗೆರೆಯ ಮೇಲೆ ಹೇರಿ, ಸ್ಪೈಕ್ ಇಳಿಯುತ್ತದೆ! ಮಲಗಿದ ಗೆರೆ ಮೆಚ್ಚುವ ನೆರೆಯ ಕೋಶಗಳು ಕೆಳಗಿನ ಮೊತ್ತವನ್ನು ದೊಡ್ಡದು ಮಾಡಿರುತ್ತವೆ.

ಸಿ50 ಕೂಡ ಕದಲದೆ ಕೂರುವ ಸಂಖ್ಯೆಯಲ್ಲ. ಹೆಚ್ಚು ಕಾಂಟ್ರಾಸ್ಟನ್ನು ಸ್ವಲ್ಪ ಹೊತ್ತು ನೋಡಿದ ಮೇಲೆ ಅದು ಮೇಲಕ್ಕೆ ಸರಿಯುತ್ತದೆ. ಹಾಗಾಗಿ ಅಳೆಯುವ ಮುಂಚೆ ಪರದೆಯಲ್ಲಿ ಏನಿತ್ತು, ಎಷ್ಟು ಹೊತ್ತು ಇತ್ತು ಅಂತ ಪ್ರತಿ ಸಲವೂ ಬರೆದಿಟ್ಟುಕೊಳ್ಳಿ.