ಪಟ್ಟಿಯಿಂದ ನಿಮ್ಮ ಹೆಸರು ತೆಗೆಸಬೇಡಿ

ಮಾನ್ಯ ಸೋದರಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿದೆ. ಕೋರಿಕೆಯಂತೆ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಉಳಿದ ಓದುಗರಿಗೆ ತಿಳಿಯಲೆಂದು ಸಾರಾಂಶವನ್ನಷ್ಟೇ ಹೇಳುತ್ತೇನೆ. ನಿಮಗೆ 47 ವರ್ಷ. ಮೂತ್ರಪಿಂಡಗಳೆರಡೂ ಕೆಲಸ ನಿಲ್ಲಿಸಿ ಮೂರು ವರ್ಷಗಳಾಗಿವೆ. ವಾರಕ್ಕೆ ಮೂರು ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತೀರಿ. ಬೆಂಗಳೂರಿನ ಆಸ್ಪತ್ರೆಯೊಂದರ ಮೂಲಕ ಕಿಡ್ನಿ ಕಸಿಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿದ್ದೀರಿ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಲ್ಲಿಂದ ಕರೆ ಬಂದು, ಬಾಡಿಗೆ ಕಾರು ಮಾಡಿಕೊಂಡು ಹೋಗಿ, ಬೆಳಗಾಗುವಷ್ಟರಲ್ಲಿ ಆ ಕಿಡ್ನಿ ಇನ್ನೊಬ್ಬರ ಪಾಲಾಯಿತೆಂದು ತಿಳಿದು ಹಿಂದಿರುಗಿದ್ದೀರಿ. "ಮಗಳಿಗೆ ಗಂಡು ನೋಡುವ ಕಾಲದಲ್ಲಿ ನಿನಗೇಕೆ ಆಪರೇಷನ್ನು? ಬಾಳಿ ಬದುಕಬೇಕಾದ ಹುಡುಗರು ಕಾಯುತ್ತಿದ್ದಾರೆ, ಅವರಿಗಾದರೂ ಸಿಗಲಿ" ಎಂದು ನಿಮ್ಮ ಭಾವನವರು ಅಂದಿದ್ದು ಅದಾದ ಮೇಲೆ. ಹೆಸರನ್ನು ಹಿಂದಕ್ಕೆ ಪಡೆಯುವುದೇ ಧರ್ಮವಲ್ಲವೇ ಎಂದು ನೀವು ಕೇಳಿದ್ದೀರಿ.

ಅಲ್ಲ. ದಯವಿಟ್ಟು ತೆಗೆಸಬೇಡಿ. ನಾನು ವೈದ್ಯನಲ್ಲ, ನಿಮ್ಮ ದೇಹಸ್ಥಿತಿಯ ಬಗ್ಗೆ ನಿಮ್ಮ ನೆಫ್ರಾಲಜಿಸ್ಟರ (ಮೂತ್ರಪಿಂಡ ತಜ್ಞರ) ಮಾತೇ ಕೊನೆಯದು. ಆದರೆ ನೀವು ಕೇಳಿರುವುದು ವೈದ್ಯಕೀಯ ಪ್ರಶ್ನೆಯಲ್ಲ, ನಿಮಗೆ ಹಕ್ಕಿದೆಯೇ ಎಂಬ ಪ್ರಶ್ನೆ. ಅದಕ್ಕೆ ಉತ್ತರಿಸಲು ನನಗೆ ಸಂಕೋಚವಿಲ್ಲ. ನಮ್ಮ ರಾಜ್ಯದಲ್ಲಿ ಈ ಪಟ್ಟಿಯನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ' ಎಂಬ ಸರ್ಕಾರಿ ವ್ಯವಸ್ಥೆ. ರಕ್ತದ ಗುಂಪು, ಡಯಾಲಿಸಿಸ್‌ನಲ್ಲಿ ಕಳೆದ ಕಾಲ ಮುಂತಾದವನ್ನು ಲೆಕ್ಕ ಹಾಕಿ ಸರದಿ ನಿರ್ಧಾರವಾಗುತ್ತದೆಯೇ ಹೊರತು, ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ತಳ್ಳುವ ಅಂಶ ಅದರಲ್ಲಿಲ್ಲ. ವಯಸ್ಸಿನ ವಿಷಯಕ್ಕೆ ಬಂದರೆ, ಮೃತ ದಾನಿಗಳ ಅಂಗಕ್ಕಾಗಿ ನೋಂದಾಯಿಸಲು 65 ವರ್ಷದೊಳಗಿರಬೇಕೆಂಬ ಮಿತಿಯನ್ನೇ ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ತೆಗೆದುಹಾಕಿತು. ನೀವು ಹೆಸರು ತೆಗೆಸಿದರೆ ಹಿಂದಿರುವವರೊಬ್ಬರು ಒಂದು ಮೆಟ್ಟಿಲು ಮೇಲೇರಬಹುದು, ನಿಜ. ಆದರೆ ಯಾರು ಬದುಕಲು ಹೆಚ್ಚು ಯೋಗ್ಯರೆಂಬ ತೀರ್ಮಾನ ಮನೆಯ ಪಡಸಾಲೆಯಲ್ಲಿ ಆಗಬಾರದೆಂದೇ ಆ ಪಟ್ಟಿ ಇರುವುದು.

ಭಾವನವರ ಮಾತು ನಿಮ್ಮೊಬ್ಬರ ಮನೆಯ ಮಾತಲ್ಲವೆಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಕಸಿ ಮಾಡಿಸಿಕೊಳ್ಳುವವರಲ್ಲಿ ಗಂಡಸರೇ ಹೆಚ್ಚು. ತಾಯಿ ಮಗನಿಗೆ, ಹೆಂಡತಿ ಗಂಡನಿಗೆ ಕೊಡುವಾಗ ಅದನ್ನು ಸಹಜವೆಂದು ನೋಡುವ ಮನೆಯೇ, ಅದೇ ಹೆಂಗಸಿಗೆ ಕಾಯಿಲೆ ಬಂದಾಗ ಖರ್ಚು, ವಯಸ್ಸು, ಮಗಳ ಮದುವೆ ಎಂದು ಎಣಿಸಲು ಕೂರುತ್ತದೆ. ದಾನಿ ಮಹಿಳೆಯಾಗಿದ್ದರೆ ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಕಿಡ್ನಿ ಪಡೆಯುವವರಲ್ಲದೆ ಬೇರೊಬ್ಬರು ದೃಢಪಡಿಸಬೇಕೆಂದು ಅಂಗಾಂಗ ಕಸಿಯ 2014ರ ನಿಯಮಗಳಲ್ಲಿ ವಿಶೇಷವಾಗಿ ಬರೆಯಬೇಕಾಗಿ ಬಂದಿದೆಯೆಂದರೆ, ಕಾನೂನು ಮಾಡಿದವರಿಗೂ ನಮ್ಮ ಮನೆಗಳ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ಕೊಡುವಾಗ ಒತ್ತಾಯವಿರಬಾರದು ಎನ್ನುವುದು ಎಷ್ಟು ಸರಿಯೋ, ಪಡೆಯುವಾಗ ನಾಚಿಕೆಪಡಬೇಕಿಲ್ಲ ಎನ್ನುವುದೂ ಅಷ್ಟೇ ಸರಿ.

ಆ ರಾತ್ರಿಯ ವಿಷಯ. ಊರವರೆಲ್ಲ "ಆಯಿತಾ?" ಎಂದು ಕೇಳುವಾಗ ತಲೆ ತಗ್ಗಿಸುವಂತಾಯಿತು ಎಂದು ಬರೆದಿದ್ದೀರಿ. ನಿಮ್ಮನ್ನು ಸುಮ್ಮನೆ ಕರೆಸಿ ಕಳುಹಿಸಿದ್ದಲ್ಲ. ಒಂದು ಕಿಡ್ನಿಗೆ ಒಬ್ಬರಿಗಿಂತ ಹೆಚ್ಚು ಜನರನ್ನು ಕರೆಸುವುದುಂಟು. ಮೊದಲನೆಯವರಿಗೆ ಜ್ವರವಿದ್ದರೆ, ಅಥವಾ ಕ್ರಾಸ್‌ಮ್ಯಾಚ್ ಪರೀಕ್ಷೆಯಲ್ಲಿ ಅವರ ರಕ್ತದ ಸೀರಮ್ ದಾನಿಯ ಜೀವಕೋಶಗಳನ್ನು ವಿರೋಧಿಸಿದರೆ, ಅಂಗ ವ್ಯರ್ಥವಾಗದೆ ಮುಂದಿನವರಿಗೆ ಸಲ್ಲಬೇಕು. ಆ ಪರೀಕ್ಷೆಗೆ ಕೆಲವು ಗಂಟೆಗಳು ಬೇಕು, ಹೊರತೆಗೆದ ಕಿಡ್ನಿಯನ್ನು ಬಹಳ ಹೊತ್ತು ಕಾದಿಡಲಾಗದು. ಇಲ್ಲಿ ಹೆಂಗಸರಿಗೆ ಇನ್ನೊಂದು ತೊಡಕಿದೆ: ಗರ್ಭ ಧರಿಸಿದಾಗ ಮತ್ತು ಬೇರೆಯವರ ರಕ್ತ ಪಡೆದಾಗ ದೇಹದಲ್ಲಿ ಹೊರಗಿನ ಜೀವಕೋಶಗಳನ್ನು ವಿರೋಧಿಸುವ ಪ್ರತಿಕಾಯಗಳು ಹುಟ್ಟಿಕೊಳ್ಳಬಹುದು, ಅವು ಹೊಂದಿಕೆಯನ್ನು ಕಠಿಣಗೊಳಿಸುತ್ತವೆ. ಹಾಗಾಗಿ ಹಿಮೋಗ್ಲೋಬಿನ್ ಇಳಿದಾಗಲೆಲ್ಲ "ಒಂದು ಬಾಟಲ್ ರಕ್ತ ಹಾಕಿಸಿಬಿಡೋಣ" ಎಂಬ ಸಲಹೆಗೆ ತಟ್ಟನೆ ಒಪ್ಪಬೇಡಿ. ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್ ಮತ್ತು ಕಬ್ಬಿಣಾಂಶದ ಇಂಜೆಕ್ಷನ್ನುಗಳಿಂದ ಸರಿಹೋಗುವುದೇ ಎಂದು ಮೊದಲು ಕೇಳಿ, ಕಸಿಗೆ ಹೆಸರು ಕೊಟ್ಟಿರುವುದನ್ನು ತಪ್ಪದೆ ನೆನಪಿಸಿ. ಪ್ರಾಣಕ್ಕೇ ಅಪಾಯವೆಂದಾಗ ಮಾತು ಬೇರೆ.

ನಿಮ್ಮ ರಕ್ತದ ಗುಂಪು ಓ, ಯಜಮಾನರದು ಬಿ. ಓ ಗುಂಪಿನವರು ಎಲ್ಲರಿಗೂ ಕೊಡಬಲ್ಲರು, ಪಡೆಯುವುದು ಮಾತ್ರ ಸಾಮಾನ್ಯವಾಗಿ ಓ ಗುಂಪಿನವರಿಂದಲೇ. ಗುಂಪು ಹೊಂದದ ಇಂಥ ಎರಡು ಜೋಡಿಗಳು ತಮ್ಮ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಓ ಗುಂಪಿನವರಿಗೆ ಜೋಡಿ ಸಿಗುವುದು ಸುಲಭವಲ್ಲವಾದರೂ ಆಸ್ಪತ್ರೆಯ ಕಸಿ ಸಂಯೋಜಕರಲ್ಲಿ ವಿಚಾರಿಸಿಡಿ. ನಿಮ್ಮ ತಮ್ಮ ಕೊಡುತ್ತೇನೆಂದರೂ ಅವರ ಹೆಂಡತಿಯ ತವರಿನವರು ಹೆದರಿದ್ದಾರೆ ಎಂದಿರಿ. ಆ ಹೆದರಿಕೆಯನ್ನು ಸ್ವಾರ್ಥವೆಂದು ತಿಳಿಯಬೇಡಿ. ಆರೋಗ್ಯವಂತರು ಒಂದು ಕಿಡ್ನಿಯಲ್ಲಿ ಬದುಕಬಲ್ಲರು ಎಂಬುದು ನಿಜ. ಶಸ್ತ್ರಚಿಕಿತ್ಸೆಯಲ್ಲಿ ಸಣ್ಣದಾದರೂ ಅಪಾಯವಿದೆ, ಬಿ.ಪಿ. ಮತ್ತು ಕಿಡ್ನಿಯ ತಪಾಸಣೆ ಜೀವನಪೂರ್ತಿ ಬೇಕು ಎಂಬುದೂ ನಿಜ. ದಂಪತಿಗಳಿಬ್ಬರನ್ನೂ ವೈದ್ಯರ ಮುಂದೆ ಕೂರಿಸಿ, ನೀವು ಹೊರಗಿರಿ. ಅವರು ಬೇಡವೆಂದರೆ ಆ ಮಾತು ಅಲ್ಲಿಗೇ ಮುಗಿಯಲಿ. ರಾಖಿ ಹಬ್ಬ, ಗೌರಿ ಹಬ್ಬದ ಬಾಗಿನ ಮೊದಲಿನಂತೆಯೇ ನಡೆಯಲಿ.

"ಯಾರದೋ ಮನೆಯ ದೀಪ ಆರಲೆಂದು ಕಾದಂತಾಗುತ್ತದೆ" ಎಂಬ ನಿಮ್ಮ ವಾಕ್ಯವನ್ನು ಮತ್ತೆ ಮತ್ತೆ ಓದಿದೆ. ಆ ಸಾವು ನಿಮ್ಮ ಕಾಯುವಿಕೆಯಿಂದ ಬರುವುದಿಲ್ಲ. ಮಿದುಳು ಸತ್ತಿದೆಯೆಂದು ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ರಸ್ತೆ ಅಪಘಾತದ ನಂತರ ಮಿದುಳು ನಿಷ್ಕ್ರಿಯಗೊಂಡು ತೀರಿಕೊಂಡಾಗ, ಅವರ ಕುಟುಂಬದವರು ಅಂಗಾಂಗಗಳನ್ನು ದಾನ ಮಾಡಿದ್ದು ನಿಮಗೂ ನೆನಪಿರಬಹುದು. ಅಂಥ ದುಃಖದಲ್ಲೂ ಕೊಡಲು ಒಪ್ಪುವ ಜನ ಬಯಸುವುದು, ಅದು ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದೇ. ಪಡೆಯಲು ಸಿದ್ಧರಾಗಿರುವವರು ಇಲ್ಲದಿದ್ದರೆ ಅವರ ಆ ಬಯಕೆ ಈಡೇರುವುದೆಲ್ಲಿ?

ಇನ್ನು ಹೊಲಿಗೆ ಯಂತ್ರ. ಕಿಡ್ನಿ ಬಂದ ಮೇಲೆ ನೋಡೋಣವೆಂದು ಅದಕ್ಕೆ ಬಟ್ಟೆ ಹೊದಿಸಿಟ್ಟಿದ್ದೀರಿ. ಮಗಳ ಸಂಬಂಧದ ಮಾತುಕತೆಯಿಂದಲೂ ದೂರ ಉಳಿದಿದ್ದೀರಿ. ಕರೆ ನಾಳೆಯೇ ಬರಬಹುದು, ವರ್ಷಗಳೂ ಹಿಡಿಯಬಹುದು. ಈ ವರ್ಷಗಳು ನಿಮ್ಮ ಆಯುಸ್ಸಿನ ಲೆಕ್ಕದವೇ. ಡಯಾಲಿಸಿಸ್ ಆದ ದಿನ ಸುಸ್ತು ಮಲಗಿಸಿಬಿಡುತ್ತದೆ, ಸರಿ. ಮರುದಿನ ಬೆಳಗ್ಗೆ ಮೈ ಹಗುರವಾಗಿರುತ್ತದೆ ಎಂದು ನೀವೇ ಬರೆದಿದ್ದೀರಿ. ವೈದ್ಯರು ಒಪ್ಪಿದರೆ ಆ ಹೊತ್ತಿಗೆ ಎರಡು ರವಿಕೆ ಹೊಲಿಯಿರಿ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಸೇರಿಸಿ ಮಾಡಿದ ಜೋಡಣೆ) ಇರುವ ಎಡಗೈಯಲ್ಲಿ ಭಾರ ಎತ್ತುವುದಾಗಲಿ, ಬಸ್ಸಿನಲ್ಲಿ ಆ ಕೈಯಿಂದ ಕಂಬಿ ಹಿಡಿದು ಜೋತು ಬೀಳುವುದಾಗಲಿ ಬೇಡ. ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಲು ಯಾರಿಗೂ ಬಿಡಬೇಡಿ. ದಿನವೂ ಬೆಳಗ್ಗೆ ಅದರ ಮೇಲೆ ಬೆರಳಿಟ್ಟು ನೋಡಿ, ಒಳಗೆ ರಕ್ತ ಜುಮುಗುಡುವುದು ತಿಳಿಯಬೇಕು. ತಿಳಿಯದಿದ್ದರೆ ಮುಂದಿನ ಸರದಿಯವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.

ಪತ್ರದ ಕೊನೆಯಲ್ಲಿ, ಪಕ್ಕದ ಮನೆಯವರು ಕಿಡ್ನಿಗೆ ಒಳ್ಳೆಯದೆಂದು ದಿನವೂ ಎಳನೀರು ತಂದುಕೊಡುತ್ತಾರೆ, ಬೇಡವೆನ್ನಲು ದಾಕ್ಷಿಣ್ಯ ಎಂದಿದ್ದೀರಿ. ಈ ದಾಕ್ಷಿಣ್ಯವನ್ನು ಇಂದೇ ಬಿಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಕೆಲಸ ನಿಂತ ಕಿಡ್ನಿ ಅದನ್ನು ಹೊರಹಾಕಲಾರದು, ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ನಿಲ್ಲಬಹುದು. ಮಲೆನಾಡು, ಕರಾವಳಿಯ ಕಡೆ ಬಳಸುವ ಧಾರೆಹುಳಿಯಂತೂ (ಸ್ಟಾರ್ ಫ್ರೂಟ್) ನಿಮ್ಮಂಥವರಿಗೆ ವಿಷವೇ. ಅದನ್ನು ತಿಂದ ಮೂತ್ರಪಿಂಡ ರೋಗಿಗಳಿಗೆ ಬಿಡದ ಬಿಕ್ಕಳಿಕೆ ಹತ್ತಿ, ಪ್ರಜ್ಞೆ ತಪ್ಪಿ, ಪ್ರಾಣವೇ ಹೋದದ್ದುಂಟು. ಉಪ್ಪಿನಕಾಯಿ, ಹಪ್ಪಳದ ಬಗ್ಗೆ ನಿಮಗೆ ಗೊತ್ತೇ ಇದೆ.

ಕಸಿಯಾದ ಮೇಲೂ ಕಾಯಿಲೆ ಮುಗಿಯಿತು ಎನ್ನುವಂತಿಲ್ಲ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳನ್ನು ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ಹೊತ್ತಿಗೆ ಸರಿಯಾಗಿ ನುಂಗಬೇಕು, ಅದಕ್ಕೆ ಹಣ ಬೇಕು. ಸರ್ಕಾರದ ಯೋಜನೆಗಳಲ್ಲಿ ಏನೇನು ನೆರವಿದೆಯೆಂದು ಆಸ್ಪತ್ರೆಯಲ್ಲಿ ಆ ಯೋಜನೆಗಳ ಮಾಹಿತಿ ಕೊಡುವ ಆರೋಗ್ಯ ಮಿತ್ರರಲ್ಲಿ ಈಗಲೇ ವಿಚಾರಿಸಿ, ಕಾಗದಪತ್ರಗಳನ್ನು ಸಿದ್ಧ ಮಾಡಿಟ್ಟುಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆಯ ಡೋಸುಗಳು ಪೂರ್ತಿಯಾಗಿವೆಯೇ ನೋಡಿ. ಫೋನ್ ನಂಬರ್ ಬದಲಾಗಿದ್ದರೆ ತಿಳಿಸಿ. ನಿಮ್ಮದರ ಜೊತೆಗೆ ಮಗಳ ನಂಬರನ್ನೂ ಕೊಡಿ.

ಈ ಉತ್ತರವನ್ನು ಭಾವನವರಿಗೂ ಓದಲು ಕೊಡಿ. ಅವರು ನಿಮ್ಮ ಕೇಡು ಬಯಸಿದವರೆಂದು ನನಗನ್ನಿಸುವುದಿಲ್ಲ. ಮಗಳ ಮದುವೆಯ ಹೊಣೆಯನ್ನು ತಲೆಯ ಮೇಲೆ ಹೊತ್ತವರ ಮಾತಿನಂತೆ ಅದು ಕೇಳಿಸುತ್ತದೆ. ನಾನು ಬರೆದದ್ದರಲ್ಲಿ ಅವರಿಗೆ ಒಪ್ಪಿಗೆಯಾಗದ್ದೇನಾದರೂ ಇದ್ದರೆ ನೇರವಾಗಿ ನನಗೇ ಬರೆಯಲಿ, ಇದೇ ಪುಟದಲ್ಲಿ ಉತ್ತರಿಸುತ್ತೇನೆ.

— ಸಂ.