ಪಟ್ಟಿಯಲ್ಲಿ 'ಟು' ಎಷ್ಟು ಸಲ ಬರಬೇಕು?

'ಐ ವಾಂಟ್ ಟು ಸೀ ದಿ ಪ್ಯಾಲೇಸ್, ಕ್ಲೈಂಬ್ ಚಾಮುಂಡಿ ಹಿಲ್ ಅಂಡ್ ಟು ಈಟ್ ಮೈಸೂರು ಪಾಕ್.' ನೀವು ಬರೆದ ಈ ಇಂಗ್ಲಿಷ್ ವಾಕ್ಯಕ್ಕೆ ಮೇಷ್ಟ್ರು ಕೆಂಪು ಗೆರೆ ಎಳೆದಿದ್ದು ಯಾಕೆ ಅಂತ ಕೇಳಿದ್ದೀರಿ. ಬಹುಶಃ ನಡುವೆ, 'ಕ್ಲೈಂಬ್' ಹಿಂದೆ, 'ಟು' ಬಿಟ್ಟುಹೋಗಿರುವುದಕ್ಕೆ. ನಮಗೆ ನೋಡೋಕೆ, ಹತ್ತೋಕೆ, ತಿನ್ನೋಕೆ ಅಂತ ಬಾಲ ತಾನಾಗಿ ಬರುತ್ತದೆ, ಅಲ್ವಾ? ಇಂಗ್ಲಿಷಲ್ಲಿ 'ಟು' ಬೇರೆ ಪದ. ಅದನ್ನು ಮೊದಲನೆಯದಕ್ಕೆ ಮಾತ್ರ ಹಾಕಿ, ಇಲ್ಲವೇ ಮೂರಕ್ಕೂ ಹಾಕಿ.

ಮೊದಲು ಕ್ರಿಯಾಪದಗಳಿಗೆ ಅಡಿಗೆರೆ ಎಳೆಯಿರಿ. ಆಮೇಲೆ 'ಈಟ್' ಹಿಂದಿನ 'ಟು' ಹೊಡೆದುಹಾಕಿ. ಈಗ ಒಂದೊಂದನ್ನೂ 'ಐ ವಾಂಟ್ ಟು' ಜೊತೆ ಬಿಡಿಯಾಗಿ, ಜೋರಾಗಿ ಓದಿ. 'ಈಟಿಂಗ್' ಅಂತ ಬರೆದಿದ್ದರೆ ಅದೂ ಅಲ್ಲೇ ಸಿಕ್ಕಿಬೀಳುತ್ತದೆ. ವಾಕ್ಯ ತುಂಬ ಉದ್ದವಾದರೆ ಮಾತ್ರ ಮೂರಕ್ಕೂ 'ಟು' ಹಾಕುವುದು ನನಗೆ ಜಾಸ್ತಿ ಇಷ್ಟ. ಓದುವವರಿಗೆ ಎಳೆ ತಪ್ಪುವುದಿಲ್ಲ.