ಮೊಡವೆಗೆ ಮನೆಮದ್ದು ಸಾಕಾಗುತ್ತಾ? ಕುಮಟಾದ ತಾಯಿಯೊಬ್ಬರ ಪ್ರಶ್ನೆಗೆ ನನ್ನ ಉತ್ತರ

ನಿಮ್ಮ ಮಗನಿಗೆ 17 ವರ್ಷ, ಒಂದು ವರ್ಷದಿಂದ ಕೆನ್ನೆ, ಹಣೆ ತುಂಬಾ ಮೊಡವೆ, ಲಿಂಬೆ, ಅರಿಶಿನ, ಕಡಲೆಹಿಟ್ಟು, ಟೂತ್‌ಪೇಸ್ಟ್ ಎಲ್ಲ ಹಚ್ಚಿ ಆಯಿತು, ಈಗ ಕಾಲೇಜಿಗೆ ಹೋಗಲೂ ಹಿಂದೇಟು ಹಾಕುತ್ತಾನೆ ಅಂತ ಬರೆದಿದ್ದೀರಿ. ಔಷಧಿ ಇಲ್ಲದೆ ಮನೆಮದ್ದಿನಲ್ಲೇ ಹೋಗುತ್ತಾ ಅಂತ ಕೇಳಿದ್ದೀರಿ.

ಆಗೊಂದು ಈಗೊಂದು ಏಳುವ ಸಣ್ಣ ಮೊಡವೆಯಾದರೆ ಮನೆಮದ್ದು ಉರಿ ಕಡಿಮೆ ಮಾಡಬಹುದು. ವರ್ಷವಿಡೀ ಬಿಡದೆ ಕಾಡುವ ಮೊಡವೆ ಅದರಿಂದ ವಾಸಿಯಾಗುವುದಿಲ್ಲ. ನಿಮ್ಮ ಮಗನದು ಎರಡನೇ ಜಾತಿಯದು ಅನ್ನಿಸುತ್ತದೆ. ಲಿಂಬೆ ಮತ್ತು ಪೇಸ್ಟ್ ಇವತ್ತಿನಿಂದಲೇ ನಿಲ್ಲಿಸಿ, ಉಳಿದದ್ದು ಆಮೇಲೆ.

ಲಿಂಬೆ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ. 2018ರ ಮಾರಿಕಾಂಬಾ ಜಾತ್ರೆಗೆ ಮುಖ ಚೆಂದ ಆಗಲಿ ಅಂತ ನಾನು ವಾರದ ಮೊದಲಿನಿಂದ ಲಿಂಬೆ ಹೋಳು ತಿಕ್ಕಿಕೊಳ್ಳುತ್ತಿದ್ದೆ. ಜಾತ್ರೆ ದಿನವೂ ಬೆಳಿಗ್ಗೆ ತಿಕ್ಕಿ, ಸುಮ್ನೆ ಒರೆಸಿಕೊಂಡು, ಬಿಡಕಿಬೈಲಿನಲ್ಲಿ ದೇವಿಯ ದರ್ಶನಕ್ಕೆ ಬಿಸಿಲಲ್ಲಿ ಸಾಲು ನಿಂತೆ. ಸಂಜೆಗೆ ಕೆನ್ನೆ ಉರಿಯತೊಡಗಿತು. ಮಾರನೇ ದಿನ ಕೆಂಪಾಯಿತು, ವಾರದೊಳಗೆ ರಸ ಹರಿದ ದಾರಿಯಲ್ಲೇ ಕಂದು ಗೆರೆಗಳು ಮೂಡಿದವು, ಕೆನ್ನೆಯಿಂದ ದವಡೆವರೆಗೆ. ಅವು ಮಾಸುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಆಮೇಲೆ ತಿಳಿದದ್ದು ಇಷ್ಟು: ಹುಳಿಯನ್ನು ಪಿಎಚ್ ಅನ್ನುವ ಅಂಕಿಯಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಮ್ಮ ಚರ್ಮದ ಪಿಎಚ್ ಸುಮಾರು 5, ಲಿಂಬೆರಸದ್ದು 2ರ ಆಸುಪಾಸು, ಅಂದರೆ ಅದು ಚರ್ಮ ತಡೆಯಲಾರದಷ್ಟು ಹುಳಿ. ಅದರ ಮೇಲೆ ಲಿಂಬೆ ಸಿಪ್ಪೆಯಲ್ಲಿರುವ ಕೆಲವು ಅಂಶಗಳು ಬಿಸಿಲು ಬಿದ್ದರೆ ಚರ್ಮವನ್ನು ಸುಡುತ್ತವೆ. ಕಾಲೇಜಿಗೆ ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ನಿಲ್ಲುವ ಹುಡುಗನಿಗೆ ಇದು ಬೇಡವೇ ಬೇಡ.

ಮೊಡವೆ ಹೇಗೆ ಆಗುತ್ತದೆ ಅಂತ ಗೊತ್ತಾದರೆ ಮನೆಮದ್ದು ಯಾಕೆ ಸೋಲುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಚರ್ಮದೊಳಗೆ ಜಿಡ್ಡು ಮಾಡುವ ಗ್ರಂಥಿಗಳಿವೆ. ಈ ವಯಸ್ಸಿನಲ್ಲಿ ಹಾರ್ಮೋನಿನಿಂದಾಗಿ ಅವು ಜಾಸ್ತಿ ಜಿಡ್ಡು ಬಿಡುತ್ತವೆ. ಆ ಜಿಡ್ಡಿಗೆ ಸತ್ತ ಚರ್ಮ ಸೇರಿ ಕೂದಲಿನ ರಂಧ್ರ ಒಳಗಿನಿಂದಲೇ ಕಟ್ಟಿಕೊಳ್ಳುತ್ತದೆ, ಅಲ್ಲೇ ಇರುವ ಬ್ಯಾಕ್ಟೀರಿಯಾ ಹೆಚ್ಚಿ ಊತ, ಕೀವು ಆಗುತ್ತದೆ. ಅಡಚಣೆ ಇರುವುದು ಒಳಗೆ, ನಾವು ಹಚ್ಚುವ ಹಿಟ್ಟು ಕೂರುವುದು ಮೇಲೆ. ರಕ್ತ ಕೆಟ್ಟಿದೆ, ಮುಖ ಸರಿಯಾಗಿ ತೊಳೆಯಲ್ಲ ಅಂತ ಹುಡುಗನಿಗೆ ಬೈಯಬೇಡಿ, ಅವನ ತಪ್ಪೇನೂ ಇಲ್ಲ. ಕಡಲೆಹಿಟ್ಟು ಹಾಕಿ ಗಸಗಸ ಉಜ್ಜಿದರೆ ಊತ ಇನ್ನೂ ಹೆಚ್ಚುತ್ತದೆ.

ನಮ್ಮ ಆಯಿ ಗಂಧ ತೇಯುವ ಕಲ್ಲಿನ ಮೇಲೆ ಹಾಲು ಹನಿಸಿ ಜಾಯಿಕಾಯಿ ತೇದು ಮೊಡವೆಗೆ ಬೊಟ್ಟಿನಂತೆ ಇಡುತ್ತಿದ್ದಳು. ಬೆಳಿಗ್ಗೆಗೆ ಅದು ಒಣಗಿ ಚಕ್ಕೆಯಾಗಿ ಉದುರುತ್ತಿತ್ತು, ಮೊಡವೆಯೂ ಇಳಿದಂತೆ ಕಾಣುತ್ತಿತ್ತು. ಆದರೆ ಒಂದು ಮೊಡವೆ ಹೇಗೂ ಕೆಲವು ದಿನದಲ್ಲಿ ತಾನೇ ಇಳಿಯುತ್ತದೆ ಅಲ್ವಾ? ಕೊನೆಗೆ ಹಚ್ಚಿದ್ದಕ್ಕೆ ಹೆಸರು ಬರುತ್ತದೆ. ಪಕ್ಕದಲ್ಲಿ ಹೊಸದು ಏಳುವುದನ್ನು ಜಾಯಿಕಾಯಿ ಯಾವತ್ತೂ ತಡೆಯಲಿಲ್ಲ. ಅರಿಶಿನವೂ ಹಾಗೆಯೇ. ಊತ ತಗ್ಗಿಸುವ ಗುಣ ಅದಕ್ಕಿದೆ, ಆದರೆ ಚರ್ಮದೊಳಗೆ ಇಳಿಯುವುದು ತೀರಾ ಕಡಿಮೆ. ಚಿಟಿಕೆಯಷ್ಟು ಹಚ್ಚಿದರೆ ತೊಂದರೆ ಇಲ್ಲ, ಮುಖ ಹಳದಿಯಾಗುತ್ತದೆ ಅಷ್ಟೆ.

ಏನಾದರೂ ಹಚ್ಚಲೇಬೇಕು ಅನ್ನಿಸಿದರೆ ಲೋಳೆಸರ ಹಚ್ಚಿ, ತಂಪಾಗುತ್ತದೆ. ಆದರೆ ಎಲೆ ಕೊಯ್ದ ಕೂಡಲೇ ಮುಖಕ್ಕೆ ತಿಕ್ಕಬೇಡಿ. ಕೊಯ್ದ ಜಾಗದಿಂದ ಹಳದಿ ರಸ ಇಳಿಯುತ್ತದೆ, ಅದು ತಾಗಿದರೆ ಕೆಲವರಿಗೆ ತುರಿಕೆ ಬರುತ್ತದೆ. ಬುಡ ಕೆಳಗೆ ಮಾಡಿ ಲೋಟದಲ್ಲಿ ಕಾಲು ಗಂಟೆ ನಿಲ್ಲಿಸಿ, ತೊಳೆದು, ಸಿಪ್ಪೆ ತೆಗೆದು ಒಳಗಿನ ತಿಳಿ ಲೋಳೆ ಮಾತ್ರ ತೆಗೆದುಕೊಳ್ಳಿ. ನೈಸರ್ಗಿಕ ಅನ್ನುವವುಗಳಲ್ಲಿ ಸ್ವಲ್ಪ ಪುರಾವೆ ಇರುವುದು ಟೀ ಟ್ರೀ ಅನ್ನುವ ಮರದ ಎಲೆಯಿಂದ ತೆಗೆಯುವ ಎಣ್ಣೆಗೆ (ನಾವು ಕುಡಿಯುವ ಚಹಾದ ಗಿಡ ಅಲ್ಲ). 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಜನರ ಮೇಲೆ ಶೇ. 5ರ ಟೀ ಟ್ರೀ ಜೆಲ್ಲನ್ನು ಬೆಂಜಾಯಿಲ್ ಪೆರಾಕ್ಸೈಡ್ ಅನ್ನುವ ಮೊಡವೆ ಔಷಧಿಯ ಜೊತೆ ಹೋಲಿಸಿ ನೋಡಿದರು. ಎರಡರಲ್ಲೂ ಮೊಡವೆ ಕಡಿಮೆಯಾಯಿತು, ಟೀ ಟ್ರೀ ನಿಧಾನ, ಆದರೆ ಉರಿ ಕಡಿಮೆ. ಬಾಟಲಿಯ ಎಣ್ಣೆಯನ್ನು ಹಾಗೇ ಹಚ್ಚಿದರೆ ಮಾತ್ರ ಚರ್ಮ ಸುಡುತ್ತದೆ.

ಇನ್ನು ನಮ್ಮ ಕಡೆ ಯಾರೂ ಗಮನಿಸದ ಒಂದು ವಿಷಯ, ತೆಂಗಿನೆಣ್ಣೆ. ರಾತ್ರಿ ತಲೆಗೆ ತೆಂಗಿನೆಣ್ಣೆ ಹಾಕಿ ಮಲಗುತ್ತಾನಾ? ಅದು ಹಣೆಗೆ, ದಿಂಬಿನಿಂದ ಕೆನ್ನೆಗೆ ಇಳಿದು ರಂಧ್ರ ಕಟ್ಟುತ್ತದೆ. ಕರಾವಳಿಯ ಸೆಖೆಗೆ ಬೆವರೂ ಸೇರುತ್ತದೆ. ಎಣ್ಣೆ ಹಾಕುವುದಿದ್ದರೆ ಸ್ನಾನಕ್ಕೆ ಒಂದು ಗಂಟೆ ಮೊದಲು ಹಾಕಿ ತೊಳೆದುಬಿಡಲಿ. ದಿಂಬಿನ ಬಟ್ಟೆ ವಾರಕ್ಕೆರಡು ಸಲ ಬದಲಿಸಿ. ಮುಖಕ್ಕೆ ದಿನಕ್ಕೆ ಎರಡೇ ಸಲ ಮೆದು ಫೇಸ್‌ವಾಶ್, ಉಜ್ಜದೆ. ಜಿಮ್‌ಗೆ ಹೋಗಿ ಹಾಲಿನಿಂದ ಮಾಡುವ ಪ್ರೋಟೀನ್ ಪುಡಿ ಕುಡಿಯುತ್ತಿದ್ದರೆ ಕೆಲವರಿಗೆ ಅದರಿಂದಲೂ ಮೊಡವೆ ಹೆಚ್ಚುತ್ತದೆ, ಒಮ್ಮೆ ಕೇಳಿ ನೋಡಿ.

ಇಷ್ಟು ಮಾಡಿಕೊಂಡೇ ವೈದ್ಯರ ಹತ್ತಿರ ಹೋಗಿ, ಕಾಯಬೇಡಿ. ನನ್ನ ತಮ್ಮನಿಗೆ ಇದೇ ವಯಸ್ಸಲ್ಲಿ ಬಂದಾಗ ನಾವೆಲ್ಲ ವಯಸ್ಸಿನದ್ದು, ತಾನೇ ಹೋಗುತ್ತದೆ ಅಂದೆವು. ಎರಡು ವರ್ಷ ಹಾಗೇ ಕಳೆಯಿತು. ಮೊಡವೆ ಹೋಯಿತು, ಕೆನ್ನೆಯ ಗುಂಡಿಗಳು ಹೋಗಲಿಲ್ಲ. ಈಗಲೂ ಫೋಟೋ ತೆಗೆಯುವಾಗ ಅವನು ಮುಖವನ್ನು ಎಡಕ್ಕೆ ತಿರುಗಿಸುತ್ತಾನೆ, ಅದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಔಷಧಿ ಅಂದರೆ ಹೆದರುವಂಥದ್ದೇನೂ ಇಲ್ಲ. ಸಾಮಾನ್ಯವಾಗಿ ಶೇ. 2.5ರ ಬೆಂಜಾಯಿಲ್ ಪೆರಾಕ್ಸೈಡ್, ಶೇ. 0.1ರ ಅಡಾಪಲೀನ್ ಜೆಲ್ ಇಂಥವುಗಳಿಂದ ಶುರು ಮಾಡುತ್ತಾರೆ. ಬಟಾಣಿ ಕಾಳಿನಷ್ಟು ಸಾಕು, ಮೊಡವೆ ಇರುವ ಜಾಗಕ್ಕೆಲ್ಲ ತೆಳ್ಳಗೆ. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಏಳಬಹುದು, ಮೊಡವೆ ಜಾಸ್ತಿಯಾದಂತೆಯೂ ಕಾಣಬಹುದು. ಫಲ ಕಾಣಲು 8ರಿಂದ 12 ವಾರ ಬೇಕು, ಎಷ್ಟೋ ಜನ ಮೂರನೇ ವಾರಕ್ಕೇ ಕೈಬಿಡುತ್ತಾರೆ. ಬೆಂಜಾಯಿಲ್ ಪೆರಾಕ್ಸೈಡ್ ಟವೆಲ್, ದಿಂಬಿನ ಬಣ್ಣ ತೆಗೆಯುತ್ತದೆ, ಬಿಳಿ ಬಟ್ಟೆ ಇಟ್ಟುಕೊಳ್ಳಿ.

ಔಷಧ ಅಂಗಡಿಯಲ್ಲಿ ಯಾರೋ ಹೇಳಿದರು ಅಂತ ಬೆಳ್ಳಗಾಗುವ ಕ್ರೀಮ್ ಮಾತ್ರ ತರಬೇಡಿ. ಅಂಥ ಹಲವು ಟ್ಯೂಬ್‌ಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ನಾಲ್ಕು ದಿನ ಮುಖ ನುಣುಪಾಗಿ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ ಮೊಡವೆ ಮೊದಲಿಗಿಂತ ಜೋರಾಗಿ ಏಳುತ್ತದೆ.

ನಿಮ್ಮ ಊರಲ್ಲಿ ಚರ್ಮದ ವೈದ್ಯರು ಸಿಗದಿದ್ದರೆ ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ ಬನ್ನಿ. ಇದುವರೆಗೆ ಹಚ್ಚಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಲಿಂಬೆ, ಪೇಸ್ಟ್ ಕೂಡ ಬಿಡದೆ. ಮತ್ತೆ ಕಾಲೇಜಿಗೆ ಹೋಗಲು ಹಿಂಜರಿಯುತ್ತಾನೆ ಅಂದಿರಲ್ಲ, ಅದನ್ನೂ ವೈದ್ಯರಿಗೆ ಹೇಳಿ.